ಕಾಕಾ ಓದುತ್ತಿದ್ದ ಊರು

ಹೋದ ತಿಂಗಳು ಮೊಬೈಲಿನ ಗಾಜು ಒಡೆದು ಕೂಕಟ್‌ಪಲ್ಲಿಯ ಒಂದು ರಿಪೇರಿ ಅಂಗಡಿಯಲ್ಲಿ ಕುಳಿತಿದ್ದೆ. ಅಂಗಡಿಯವನು ನನ್ನ ಕೆಲಸ ಬದಿಗಿಟ್ಟು, ಯಾರೋ ತಂದಿಟ್ಟಿದ್ದ ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಬ್ಲೋವರ್ ಹಿಡಿದ. ಬೂದು ಬಣ್ಣದ ಧೂಳು ಎದ್ದು ರಸ್ತೆಯ ಕಡೆ ಹೋಯಿತು. ಆಮೇಲೆ ಅದಕ್ಕೆ ಕರೆಂಟು ಕೊಟ್ಟಾಗ ಒಳಗೆ ಉಳಿದಿದ್ದ ಧೂಳು ಕಾದು ಒಂದು ವಾಸನೆ ಬಂತು. ಸುಟ್ಟ ಬಟ್ಟೆಯದೂ ಅಲ್ಲ, ಸುಟ್ಟ ಕೂದಲಿನದೂ ಅಲ್ಲ, ಎರಡರ ನಡುವಿನದು… ನಾನು ಎದ್ದು ಹೊರಗೆ ಬಂದು ನಿಂತೆ. ಅದು ನಮ್ಮ ಎದುರು ಮನೆಯ ಕಾಕಾ ಕುಳಿತುಕೊಳ್ಳುತ್ತಿದ್ದ ಕೋಣೆಯ ವಾಸನೆ.

ಕಾಕಾ ನಮ್ಮ ಸಂಬಂಧಿಕರಲ್ಲ. ಅಪ್ಪನ ಜೊತೆ ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅಪ್ಪ ಬಾಗಲಕೋಟೆ ಕಡೆಯವರು, ಕಾಕಾ ಗದಗಿನ ಕಡೆಯವರು. ಇಬ್ಬರೂ ಒಂದೇ ಕಟ್ಟಡದಲ್ಲಿ ಎದುರುಬದುರು ಮನೆ ಕೊಂಡು, ಹೊರಗೆ ತೆಲುಗು, ಬಸ್ಸಿನಲ್ಲಿ ಹಿಂದಿ, ನಡುವಿನ ಪಡಸಾಲೆಯಲ್ಲಿ ಕನ್ನಡ ಎಂದು ಬದುಕಿದರು. ಯಂತ್ರಗಳ ಸದ್ದಿನಲ್ಲಿ ಬಹಳ ವರ್ಷ ನಿಂತು ಕಾಕಾನ ಕಿವಿ ಮಂದವಾಗಿತ್ತು. ಹಾಗಾಗಿ ಒಂದು ಸಲ ಬಿಟ್ಟರೆ ಅವರು ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ. “ಇವರು ನನ್ನ ಹತ್ರ ಉಪ್ಪು ಕೇಳಿದ್ರ ಕೆಳಗಿನ ಮನಿಯವರು ತಂದು ಕೊಡ್ತಾರ” ಎಂದು ಕಾಕು ಹೇಳುತ್ತಿದ್ದರು. ಕಾಕು ಅಂದರೆ ಕಾಕಾನ ಹೆಂಡತಿ.

ಅಪ್ಪ ತೀರಿಕೊಂಡ ಕೆಲವು ವರ್ಷಕ್ಕೆ ಅವ್ವನ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣನ್ನು ಮಸುಕು ಮಾಡಿ, ನಂತರ ಎರಡನ್ನೂ ತೆಗೆದುಕೊಂಡಿತು. ನನಗೆ ಉಪ್ಪಲ್‌ನಲ್ಲಿ ಒಂದು ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಾಯಿಸಿ, ಊರಿನ ಆ ಕೊನೆಗೆ ಹೋಗಬೇಕು. ಅವ್ವನನ್ನು ಒಬ್ಬಳನ್ನೇ ಬಿಟ್ಟು ಹೇಗೆ ಹೋಗುವುದು ಎಂದು ಬಾಗಿಲಲ್ಲಿ ನಿಂತಿದ್ದಾಗ ಕಾಕಾ ತಮ್ಮ ಮನೆಯ ಹೊಸ್ತಿಲಿನಿಂದಲೇ ಕೂಗಿ ಹೇಳಿದ್ದರು, “ನೀ ಹೋಗಿ ಬಾ ತಂಗಿ. ಅಕ್ಕಾರನ್ನ ನಾ ಊರೂರು ತಿರುಗಿಸಿಕೊಂಡು ಬರ್ತೀನಿ.”

ಊರೂರು ತಿರುಗಿಸುವುದು ಎಂದರೆ ಏನೆಂದು ನನಗೆ ಆಮೇಲೆ ತಿಳಿಯಿತು.

ನಿವೃತ್ತಿಯಾದ ಮೇಲೆ ಕಾಕಾ ಸಿಕಂದರಾಬಾದಿನಿಂದ ಒಂದು ಹಳೆಯ ಕಂಪ್ಯೂಟರ್ ತಂದುಕೊಂಡಿದ್ದರು. ಮಾರಿದವನು ಅದರ ಜೊತೆ ಕೆಲವು ಸಿ.ಡಿ. ಕೊಟ್ಟಿದ್ದ. ಅದರಲ್ಲಿ ಒಂದು ಆಟ. ದೊಡ್ಡ ಯುದ್ಧವಾಗಿ ಲೋಕವೆಲ್ಲ ಸುಟ್ಟುಹೋಗಿದೆ. ಉಳಿದವರು ಅಲ್ಲಲ್ಲಿ ಗುಂಪು ಕಟ್ಟಿಕೊಂಡು, ಮುರಿದ ಕಬ್ಬಿಣದ ತಗಡು ಹೊದಿಸಿ, ನೀರು ಹುಡುಕಿಕೊಂಡು ಬದುಕುತ್ತಿದ್ದಾರೆ. ಆಡುವವನು ಅಂಥ ಒಂದು ಊರಿನಿಂದ ಹೊರಟು ಮರಳುಗಾಡಿನಲ್ಲಿ ನಡೆಯುತ್ತ, ಸಿಕ್ಕವರ ಜೊತೆ ಮಾತಾಡುತ್ತ, ಯಾರಿಗೆ ಏನು ಮಾಡಬೇಕೆಂದು ತಾನೇ ತೀರ್ಮಾನಿಸುತ್ತ ಹೋಗಬೇಕು. ಅದು ಆ ಆಟದ ಮೊದಲ ಭಾಗ. ಚಿತ್ರವೆಲ್ಲ ಮೇಲಿನಿಂದ ನೋಡಿದ ಹಾಗೆ, ಮನುಷ್ಯರು ಇರುವೆಗಳಷ್ಟು. ಅವರಿಗೆ ದನಿಯಿರಲಿಲ್ಲ. ಯಾರ ಜೊತೆ ಮಾತಾಡಿದರೂ ಕೆಳಗೊಂದು ಚೌಕದಲ್ಲಿ ಇಂಗ್ಲಿಷಿನಲ್ಲಿ ಬರಹ ಬರುತ್ತಿತ್ತು, ಅದರ ಕೆಳಗೆ ನಾವು ಹೇಳಬಹುದಾದ ಎರಡೋ ಮೂರೋ ಮಾತು.

ಆ ಬರಹವನ್ನು ಕಾಕಾ ಅವ್ವನಿಗೆ ಓದಿ ಹೇಳುತ್ತಿದ್ದರು. ಓದುವುದು ಅನ್ನಬಾರದು. ಒಬ್ಬೊಬ್ಬರಿಗೆ ಒಂದೊಂದು ದನಿ ಕಟ್ಟುತ್ತಿದ್ದರು. ಊರ ಬಾಗಿಲಿನ ಕಾವಲುಗಾರ ತೆಲುಗಿನವನು. “ಎವರಮ್ಮಾ ಅದಿ? ಆಗಂಡಿ, ಆಗಂಡಿ” ಎಂದು ತಡೆಯುತ್ತಿದ್ದ. ನೀರು ಮಾರುವ ಕುಂಟ ವ್ಯಾಪಾರಿಯದು ದಖನಿ ಉರ್ದು. “ಕ್ಯಾ ಅಮ್ಮಾ, ಪಾನಿ ಹೋನಾ ಕ್ಯಾ? ಪೈಲೇ ಮಾಲ್ ದಿಖಾವ್” ಎಂದು ನೀರಿಗೆ ಮೊದಲೇ ಸಾಮಾನು ಕೇಳುವನು. ಅವ್ವ ಕುಳಿತಲ್ಲಿಂದಲೇ “ನಕ್ಕೋ ರೇ, ನಿನ್ನ ನೀರಾಗ ಮಣ್ಣೈತಿ” ಎನ್ನುವಳು. ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಇದ್ದಳು. ಅವಳದು ಗದಗಿನ ಕನ್ನಡ. ಬಹುಶಃ ಕಾಕಾನ ತಾಯಿಯ ದನಿ… ನಾನು ಕೇಳಲಿಲ್ಲ.

ಉತ್ತರ ಆರಿಸುವುದು ಅವ್ವನ ಕೆಲಸ. ಒಂದು ರವಿವಾರ ನಾನು ಪಕ್ಕದಲ್ಲಿ ಕುಳಿತು ಮೆಂತ್ಯ ಸೋಸುತ್ತಿದ್ದೆ. ದಾರಿಯಲ್ಲಿ ಒಬ್ಬ ಕಳ್ಳ ಸಿಕ್ಕಿದ್ದ.

“ಒಂದು, ಗುಂಡು ಹೊಡಿಯೂದು. ಎರಡು, ಅವನ ಚೀಲ ಕಸಗೊಳ್ಳೂದು. ಮೂರು, ಸುಮ್ಮನ ಹೋಗೂದು. ಹೇಳ್ರಿ ಅಕ್ಕಾರ.”

“ನಾಕನೇದು?”

“ನಾಕನೇದಿಲ್ಲರಿ.”

“ಊಟ ಆತೇನಪಾ ಅಂತ ಕೇಳೂದು ಎಲ್ಲೈತಿ?”

“ಅದನ್ನ ಆ ಕಂಪನಿಯವರು ಇಟ್ಟಿಲ್ಲರಿ.”

“ಎಂಥಾ ಮಂದಿರಿ. ಪ್ರಳಯ ಆದ್ರ ಊಟ ಆತೇನ್ ಅಂತ ಕೇಳಬಾರದು ಅಂತ ಐತೇನು?”

ಒಳಗಿನಿಂದ ಕಾಕು, “ಅಲ್ಲಿ ಕಳ್ಳಗ ಊಟ ಹಾಕ್ರಿ, ಇಲ್ಲಿ ನಾ ಕರದ್ರ ಕೇಳಿಸೂದಿಲ್ಲ” ಎಂದರು. ನಿಜವಾಗಿಯೂ ಕಾಕಾನಿಗೆ ಅದು ಕೇಳಿಸಲಿಲ್ಲ. ಮುಂದಿನ ರವಿವಾರ ಮತ್ತೆ ಯಾರೋ ದಾರಿಗಡ್ಡ ಬಂದಾಗ ಕಾಕಾ ಗಂಟಲು ಸರಿಮಾಡಿಕೊಂಡು, “ಇವತ್ತ ನಾಕನೇದು ಬಂದೈತ್ರಿ ಅಕ್ಕಾರ” ಎಂದರು. ಅಲ್ಲಿಂದ ಮುಂದೆ ನಾಲ್ಕನೆಯದು ಯಾವಾಗಲೂ ಇರುತ್ತಿತ್ತು.

ಆಟದಲ್ಲಿ ಊರುಗಳು ಬಹಳ. ಆದರೆ ಅವ್ವನಿಗೆ ಬೇಕಾಗಿದ್ದು ಹೊರಟ ಊರು, ಬಾವಿ ಇದ್ದದ್ದು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ಇವರಿಬ್ಬರೂ ಅದನ್ನು ಬಾವಿಯೂರು ಎನ್ನುತ್ತಿದ್ದರು. ಎಲ್ಲಿಗೆ ಹೋಗಿದ್ದರೂ ಸಂಜೆ ನಾನು ಬರುವುದಕ್ಕೆ ಮೊದಲು ಅಲ್ಲಿಗೆ ವಾಪಸಾಗಬೇಕು. ಬಾವಿಕಟ್ಟೆಯ ಅಜ್ಜಿಯ ಮೊಣಕಾಲು ಹೇಗಿದೆ, ಅವಳ ಮೊದಲ ಮಗ ಏನಾದ, ಕಾವಲುಗಾರನ ಹೆಂಡತಿ ಹಡೆದಳೋ ಇಲ್ಲವೋ, ಎಲ್ಲ ಕೇಳಬೇಕು. ಅವ್ವನ ತವರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಮುಳುಗುವಾಗ ಅವಳು ಇಲ್ಲಿದ್ದಳು, ಹೈದರಾಬಾದಿನಲ್ಲಿ, ಅಪ್ಪನ ಪಾಳಿಯ ಊಟದ ಡಬ್ಬಿ ಕಟ್ಟುತ್ತ. ಒಮ್ಮೆಯೂ ಆ ನೀರನ್ನು ನೋಡಲು ಹೋಗಲಿಲ್ಲ. “ನಾ ನೋಡಿಲ್ಲ. ನೋಡಿಲ್ಲಂದ್ರ ನನಗ ಅದು ಇನ್ನೂ ಐತಿ” ಎನ್ನುತ್ತಿದ್ದಳು. ಬಾವಿಯೂರಿನ ಸುದ್ದಿ ಕೇಳುವಾಗ ಅವಳ ಮುಖ ತವರಿನಿಂದ ಬಂದವರ ಮುಂದೆ ಕುಳಿತ ಹಾಗಿರುತ್ತಿತ್ತು. ಹಾಗಾಗಿ ಆ ಊರಿಗೆ ಏನೂ ಆಗಬಾರದು ಎಂದು ನನಗೂ ಅನ್ನಿಸುತ್ತಿತ್ತು. ನಗೆಪಾಟಲು ಮಾತು, ಗೊತ್ತು. ಆದರೂ ಅನ್ನಿಸುತ್ತಿತ್ತು.

ರವಿವಾರಗಳಲ್ಲಿ ನಾನು ಪರದೆಯನ್ನು ಹೆಚ್ಚು ನೋಡಲಿಲ್ಲ. ಅವ್ವನನ್ನು ನೋಡುತ್ತಿದ್ದೆ. ಯಾವಾಗಲೋ ಒಮ್ಮೆ ಕಣ್ಣು ಹಾಯಿಸಿದಾಗ ಬರೀ ಕಂದು, ಕಪ್ಪು, ಅಲ್ಲಲ್ಲಿ ಹೊಗೆಯ ಮಸಿ. ಹಳೆಯ ಆಟದ ಚಿತ್ರವೇ ಹೀಗಿರಬೇಕು ಎಂದುಕೊಂಡೆ.

ಅವ್ವ ಹಾಸಿಗೆ ಹಿಡಿದದ್ದು ಒಂದು ಬೇಸಿಗೆಯಲ್ಲಿ. ಎದುರು ಮನೆಯವರೆಗೆ ನಡೆಸಿಕೊಂಡು ಹೋಗುವುದೂ ಆಗಲಿಲ್ಲ. ಕಾಕಾ ದಿನವೂ ಮಧ್ಯಾಹ್ನ ನಮ್ಮ ಮನೆಗೇ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಬಾವಿಯೂರಿನ ಸುದ್ದಿ ಹೇಳುತ್ತಿದ್ದರು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಡುಗೆಮನೆಗೆ ಎಲ್ಲವೂ ಕೇಳಿಸುತ್ತಿತ್ತು. ಕಾವಲುಗಾರನಿಗೆ ಹೆಣ್ಣು ಕೂಸು. ಕುಂಟ ವ್ಯಾಪಾರಿ ಕೂಸಿಗೆ ಬೆಳ್ಳಿ ಉಡದಾರ ತಂದಿದ್ದಾನೆ, ಹಣ ಕೇಳಿಲ್ಲ, ಎಲ್ಲರಿಗೂ ಆಶ್ಚರ್ಯ. ಅಜ್ಜಿ ಅಕ್ಕಾರು ಹೇಗಿದ್ದಾರೆ ಎಂದು ಕೇಳಿದಳು. ಅವ್ವ ಕಣ್ಣು ಮುಚ್ಚಿಕೊಂಡು, “ಬೇಷಾತು” ಎಂದಳು. ಎದುರಿಗೆ ಕಂಪ್ಯೂಟರ್ ಇಲ್ಲದೆ ಅವರು ಇದನ್ನೆಲ್ಲ ಎಲ್ಲಿಂದ ಓದುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಹೊಳೆಯುತ್ತಿರಲಿಲ್ಲ…

ಅವ್ವ ಹೋದ ಮೇಲೆ ಎದುರು ಮನೆ ಸುಮ್ಮನಾಯಿತು. ಕಾಕಾ ಕಂಪ್ಯೂಟರಿನ ಮೇಲೆ ಒಂದು ಟವೆಲ್ ಹೊದಿಸಿಟ್ಟರು. ನಾನು ಕೆಲಸದಿಂದ ಬರುವಾಗ ಅವರು ಪಡಸಾಲೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. “ಬಂದೇನ್ ತಂಗಿ” ಎನ್ನುವುದು ಬಿಟ್ಟರೆ ಮಾತಿಲ್ಲ. ದಿನಾ ಜೋರಾಗಿದ್ದ ಮನುಷ್ಯ ಮೆತ್ತಗಾದದ್ದನ್ನು ನೋಡುವುದು ಕಷ್ಟ. ನಮ್ಮ ಕಚೇರಿಯಲ್ಲಿ ಯಾರೋ ಆ ಆಟದ ಹೊಸ ಭಾಗ ಬಂದಿದೆ ಎಂದು ಮಾತಾಡುತ್ತಿದ್ದರು. ಕಾಕಾನ ಕಂಪ್ಯೂಟರಿನಲ್ಲಿ ಅದು ನಡೆಯುವುದಿಲ್ಲ ಎಂದೂ ಹೇಳಿದರು. ನಮ್ಮ ರಸ್ತೆಯ ತುದಿಯಲ್ಲಿ ಒಂದು ಗೇಮಿಂಗ್ ಪಾರ್ಲರ್ ಇತ್ತು. ಒಂದು ರವಿವಾರ ಬೆಳಿಗ್ಗೆ, ಕಾಲೇಜು ಹುಡುಗರ ಗದ್ದಲ ಶುರುವಾಗುವ ಮೊದಲು, ಕಾಕಾನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಮಾಲೀಕ ನಡುವಯಸ್ಸಿನ ತೆಲುಗಿನವನು. ಕಾಕಾನ ಧೋತರ ನೋಡಿ, ಕೆಂಪು ಚಕ್ರದ ಕುರ್ಚಿ ನೋಡಿ, “ಅಂಕುಲ್, ಎವರು ಆಡತಾರು? ಮೀರೇನಾ?” ಎಂದ, ನೀವೇನಾ ಆಡುವವರು ಎಂದು. ಕಾಕಾ ಕುರ್ಚಿಯಲ್ಲಿ ಕುಳಿತು, “ಮತ್ತ ಯಾರು, ನಿಮ್ಮಪ್ಪನ?” ಎಂದು ಕನ್ನಡದಲ್ಲೇ ಹೇಳಿದರು. ಎಷ್ಟೋ ದಿನದ ಮೇಲೆ ನಾನು ನಕ್ಕೆ.

ಹೊಸ ಭಾಗ ಬೇರೆಯೇ ಆಗಿತ್ತು. ಮೇಲಿನಿಂದ ಇಣುಕಿ ನೋಡುವುದಿಲ್ಲ, ಆ ಮನುಷ್ಯನ ಕಣ್ಣಿನಿಂದಲೇ ನೋಡುತ್ತೇವೆ. ಬಿಸಿಲಿಗೆ ಬಣ್ಣವಿದೆ, ಸಂಜೆ ಮರಳಿನ ಮೇಲೆ ನೆರಳು ಉದ್ದವಾಗುತ್ತದೆ. ಸುಟ್ಟ ಲೋಕವಾದರೂ ನೋಡಲು ಚಂದವಿತ್ತು, ಸುಳ್ಳು ಹೇಳುವುದಿಲ್ಲ. ದಾರಿ ತಪ್ಪುವ ಹಾಗಿಲ್ಲ, ಮೇಲೊಂದು ಬಾಣ ತೋರಿಸುತ್ತಲೇ ಇರುತ್ತದೆ. ಹಳೆಯದರಲ್ಲಿ ಒಂದು ಮಾತು ತಪ್ಪಿದರೆ ಆ ಮನುಷ್ಯ ಮತ್ತೆ ಬಾಗಿಲು ತೆರೆಯುತ್ತಿರಲಿಲ್ಲವಂತೆ. ಇಲ್ಲಿ ಏನು ಅಂದರೂ ಸುತ್ತಿಬಳಸಿ ಅಲ್ಲಿಗೇ ಬರುತ್ತದೆ. ಮುಖ್ಯವಾಗಿ, ಎಲ್ಲರಿಗೂ ದನಿ ಇತ್ತು. ದಾರಿಯಲ್ಲಿ ಸುಮ್ಮನೆ ಹೋಗುವವನಿಗೂ. ಒಬ್ಬ ಹೆಂಗಸು ಎದುರು ಬಂದು ಇಂಗ್ಲಿಷಿನಲ್ಲಿ ಮಾತಾಡತೊಡಗಿದಾಗ ಕಾಕಾ ಅಭ್ಯಾಸಬಲದಿಂದ ಬಾಯಿ ತೆರೆದರು. ಆಮೇಲೆ ಮುಚ್ಚಿದರು.

“ಇಕಿ ತಾನ ಮಾತಾಡ್ತಾಳಲ್ಲ ತಂಗಿ.”

“ಹೌದು ಕಾಕಾ. ಇದರಲ್ಲಿ ಎಲ್ಲರೂ ಮಾತಾಡುತ್ತಾರೆ.”

“ಚಲೋ ಆತು” ಎಂದರು. ಮಾಲೀಕನ ಕಡೆ ತಿರುಗಿ, “ಬಾವಿ ಇದ್ದ ಊರು ಇದರಾಗ ಐತೇನ್ ನೋಡ್ರಿ” ಎಂದರು. ನಾನು ಅವನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದೆ.

ಇತ್ತು. ಕಥೆ ಬಹಳ ವರ್ಷ ಮುಂದೆ ಬಂದಿದ್ದರೂ ನೆಲ ಅದೇ. ಮಾಲೀಕ ದಾರಿ ತೋರಿಸಿದ. ಒಂದು ದಿಬ್ಬ ಹತ್ತಿ ಇಳಿದರೆ ಬಾವಿಯೂರು. ತಗಡಿನ ಮನೆಗಳು ಬೆಂದು ಮಡಿಚಿಕೊಂಡಿದ್ದವು. ಊರ ಬಾಗಿಲಲ್ಲಿ ಒಂದು ಎಲುಬುಗೂಡು ಬಿದ್ದಿತ್ತು. ಬಾವಿಕಟ್ಟೆಗೆ ಒರಗಿ ಇನ್ನೊಂದು, ತೊಡೆಯ ಮೇಲೆ ಬಕೀಟು.

ನಾನು ಕಾಕಾನ ಭುಜ ಹಿಡಿದೆ. “ಬೇಡ ಕಾಕಾ, ಮನೆಗೆ ಹೋಗೋಣ. ಹೊಸದರಲ್ಲಿ ಹೀಗೆ ಮಾಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.”

“ಹೊಸದ್ರಾಗ ಅಲ್ಲ” ಎಂದರು ಕಾಕಾ. ಅವತ್ತು ಮೊದಲ ಸಲ ಅವರ ದನಿ ಸಣ್ಣದಾಗಿತ್ತು. “ಹಳೇದ್ರಾಗೂ ಹಿಂಗ ಆಗಿತ್ತು. ಅರ್ಧ ಆಟಕ್ಕ ಆ ಊರು ಸುಡತೈತಿ. ಏನ್ ಮಾಡಿದ್ರೂ ಸುಡತೈತಿ. ನಾ ಮತ್ತ ಮೊದಲಿಂದ ಆಡಿ ನೋಡಿದೆ, ಬ್ಯಾರೆ ದಾರಿ ಹಿಡದು ನೋಡಿದೆ. ಅವರು ಅದನ್ನ ಬರದಬಿಟ್ಟಾರ.”

“ಅವ್ವ ಆಗ…”

“ಮಗ್ಗಲಕ ಕುಂತಿದ್ರು. ಬೂದಿ ಬಂತು ಪರದೆ ಮ್ಯಾಲ. ನಾ ಸುಮ್ಮನಾದೆ. ಯಾಕ ಸುಮ್ಮನಾದ್ರಿ ಅಂದ್ರು. ಅಜ್ಜಿ ನೀರು ಸೇದಾಕತ್ತಾಳ, ತಡೀರಿ ಅಂದೆ.”

ಅಲ್ಲಿಂದ ಮುಂದೆ ದಿನಾ ಸಂಜೆ ಅವರು ಆ ಬೂದಿಯ ಊರನ್ನು ತೆರೆದು, ಅಲ್ಲಿ ನಿಂತುಕೊಂಡು, ಸತ್ತವರ ಸುದ್ದಿ ಹೇಳಿದ್ದರು. ಕೂಸು ಹುಟ್ಟಿದ್ದು ಆ ಬೂದಿಯಲ್ಲಿ. ಬೆಳ್ಳಿಯ ಉಡದಾರ ಬಂದದ್ದು ಆ ಬೂದಿಗೆ. ತಿಂಗಳುಗಟ್ಟಲೆ.

ಮಾಲೀಕನಿಗೆ ನಮ್ಮ ಮಾತು ಅರ್ಥವಾಗಿರಲಿಲ್ಲ. ಸಹಾಯ ಮಾಡುವವನಂತೆ ಬಗ್ಗಿ, ಈ ಭಾಗದಲ್ಲಿ ಹಾಳೂರನ್ನು ಮತ್ತೆ ಕಟ್ಟಬಹುದು, ಮುರಿದದ್ದರ ಮೇಲೆ ಹೀಗೆ ಒತ್ತಿದರೆ ಅದು ಸಾಮಾನಾಗುತ್ತದೆ, ಅದರಿಂದ ಗೋಡೆ ಎಬ್ಬಿಸಬಹುದು ಎಂದ. ಒಂದು ಮುರಿದ ಬೆಂಚಿನ ಮೇಲೆ ಒತ್ತಿ ತೋರಿಸಿದ. ಬೆಂಚು ಮಾಯವಾಯಿತು. ಮೌಸಿನ ಬಾಣವನ್ನು ಬಾವಿಕಟ್ಟೆಯ ಕಡೆ ಒಯ್ದ.

ಕಾಕಾ ಅವನ ಮಣಿಕಟ್ಟು ಹಿಡಿದರು. “ಬ್ಯಾಡ್ರಿ. ಅಕಿನ್ನ ಮುಟ್ಟಬ್ಯಾಡ್ರಿ.”

ವಾಪಸು ಬರುವಾಗ ಒಂದು ಟೀ ಅಂಗಡಿಯ ಮುಂದೆ ನಿಂತೆವು. ಕಾಕಾನಿಗೆ ಹೊಸ ಭಾಗದ ಮೇಲೆ ಸಿಟ್ಟಿರಲಿಲ್ಲ. ನಾನು ಏನೋ ತಪ್ಪು ತೆಗೆದಾಗ ತಡೆದರು. “ಕಣ್ಣಿದ್ದವರಿಗೆ ಇದರಾಗ ಭಾಳ ಐತಿ ತಂಗಿ. ಹುಡುಗರು ಆಡ್ಲಿ. ಹಳೇದು ಬಡವರ ಮನಿ ಇದ್ದಂಗ. ನಾವ ಹೋಗಿ ಕಸ ಹೊಡಿಬೇಕು, ನಾವ ದೀಪ ಹಚ್ಚಬೇಕು. ಇಲ್ಲಿ ಎಲ್ಲಾ ಅವರ ಮಾಡಿಟ್ಟಾರ. ನನಗ ಕೆಲಸ ಇಲ್ಲ, ಅಷ್ಟ.” ಟೀ ಮುಗಿಸಿ, “ನಿಮ್ಮವ್ವಗ ಗೊತ್ತಾಗಲಿಲ್ಲ. ಅದೊಂದು ಚಲೋ ಆತು” ಎಂದರು. ಅದನ್ನೇ ಮನೆಯ ಮೆಟ್ಟಿಲು ಹತ್ತುವಾಗ ಮತ್ತೊಮ್ಮೆ ಹೇಳಿದರು, ನನ್ನಿಂದ ಹೌದು ಅನ್ನಿಸಿಕೊಳ್ಳುವವರ ಹಾಗೆ. ನಾನು ಹೌದು ಎಂದೆ.

ಕಾಕಾ ಹೋದ ವರ್ಷ ತೀರಿಕೊಂಡರು. ಬೆಳಗಿನ ಸ್ನಾನ ಮುಗಿಸಿ ಬಂದು ಕುಳಿತವರು ಏಳಲಿಲ್ಲ. ಈಗಲೂ ಮೆಟ್ರೋ ಬಾಲಾನಗರದ ನಿಲ್ದಾಣ ದಾಟುವಾಗ, ಜನರ ಗುಜುಗುಜಿನಲ್ಲಿ “ಪೈಲೇ ಮಾಲ್ ದಿಖಾವ್” ಎನ್ನುವುದು ಕೇಳಿದಂತಾಗಿ ತಿರುಗಿ ನೋಡುತ್ತೇನೆ. ಕೆಲವೊಮ್ಮೆ ಕಾವಲುಗಾರ, ಕೆಲವೊಮ್ಮೆ ಅಜ್ಜಿ… ಕಾಕಾನ ಸ್ವಂತ ದನಿ ಮಾತ್ರ ಕೇಳುವುದಿಲ್ಲ.

ಮೊಬೈಲ್ ರಿಪೇರಿಯವನು ಅವತ್ತು ನಾನು ಕೇಳಿದಾಗ ಹೇಳಿದ, ಅಂಥ ಹಳೆಯ ಆಟಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ, ಯಾವ ಲ್ಯಾಪ್‌ಟಾಪಿನಲ್ಲಾದರೂ ನಡೆಯುತ್ತವೆ ಎಂದು. ಹಾಕಿಕೊಂಡೆ. ಬಾವಿಯೂರಿನಿಂದ ಶುರು. ಬಾವಿಯ ಮುದುಕಿಯ ಮೇಲೆ ಒತ್ತಿದೆ. ಅವಳು ಹೇಳಿದ್ದು ಇಷ್ಟೇ: ನೀರು ಕಡಿಮೆಯಿದೆ, ಮುಂದೆ ಹೋಗು. ಎಷ್ಟು ಸಲ ಒತ್ತಿದರೂ ಅದೇ. ಮೊಣಕಾಲು ನೋವು, ಮೊದಲ ಮಗನ ಕಥೆ, ಅಕ್ಕಾರನ್ನು ಕೇಳುವುದು, ಯಾವುದೂ ಅಲ್ಲಿರಲಿಲ್ಲ.

ದಿನಾ ಸಂಜೆ ಸ್ವಲ್ಪ ಸ್ವಲ್ಪ ಆಡುತ್ತ ಹೋದೆ. ಒಮ್ಮೆ ದೂರದಿಂದ ಬಾವಿಯೂರಿಗೆ ವಾಪಸಾದಾಗ ಪರದೆಯ ಮೇಲೆ ಬೂದಿ ಬಂತು. ಅದು ಬರುತ್ತದೆಂದು ಗೊತ್ತಿತ್ತು. ಗೊತ್ತಿರದಿದ್ದದ್ದು ಸದ್ದಿನದು. ಅಲ್ಲಿಯವರೆಗೆ ಆ ಊರಿಗೆ ಕಾಲಿಟ್ಟರೆ ಸಾಕು, ಕೋಳಿಗಳು ಕೊಕ್ಕೊಕ್ ಅನ್ನುತ್ತಿದ್ದವು, ಬಾವಿಯ ಗಡಗಡಿ, ಅಂದರೆ ರಾಟೆ, ಕಿರುಗುಟ್ಟುತ್ತಿತ್ತು. ಈಗ ಬರೀ ಗಾಳಿ. ಊರು ಸುಟ್ಟ ಮೇಲೆ ಆ ಆಟ ಗಾಳಿಯ ಸದ್ದನ್ನೊಂದೇ ಉಳಿಸಿಕೊಳ್ಳುತ್ತದೆ. ಕಾಕಾನ ಮಂದ ಕಿವಿಗೆ ಕೋಳಿಯೂ ಒಂದೇ, ಗಾಳಿಯೂ ಒಂದೇ. ಅವ್ವ ಕಿವಿಯಲ್ಲೇ ಬದುಕುತ್ತಿದ್ದವಳು. ನನ್ನ ಚಪ್ಪಲಿಯ ಸದ್ದಿನಲ್ಲಿ ನನಗೆ ಆ ದಿನ ಕಚೇರಿಯಲ್ಲಿ ಬೈದಿದ್ದಾರೆಯೇ ಎಂದು ಹೇಳುತ್ತಿದ್ದಳು.

ಲ್ಯಾಪ್‌ಟಾಪ್ ಹಿಡಿದುಕೊಂಡೇ ಎದುರು ಮನೆಗೆ ಹೋದೆ. ಕಾಕು ಚಪಾತಿ ಹಿಟ್ಟು ನಾದುತ್ತಿದ್ದರು. ಅವ್ವನಿಗೆ ಗೊತ್ತಾಗಿತ್ತೇ ಎಂದು ನಾನು ಕೇಳಿದ್ದಕ್ಕೆ ಕೈ ನಿಲ್ಲಿಸಲಿಲ್ಲ.

“ಊರು ಸುಟ್ಟ ದಿನಾನ ಗೊತ್ತಾತು ಅಕಿಗೆ. ಚಾ ಕುಡಿಯಾಕ ಒಳಗ ಬಂದಾಕಿ ಹೇಳಿದ್ಳು. ಊರಾಗ ಕೋಳಿ ಇಲ್ಲರಿ, ಗಡಗಡಿ ಸದ್ದಿಲ್ಲ, ಎಲ್ಲಾ ಮುಗದೈತಿ ಅಂತ. ನಾ ಹೋಗಿ ಇವರನ್ನ ಬೈಬೇಕು ಅಂತ ಎದ್ದೆ. ಕೈ ಹಿಡದು ಕುಂಡ್ರಿಸಿದ್ಳು. ಹೇಳಬ್ಯಾಡ್ರಿ, ಅವರು ಎಷ್ಟು ಚಂದ ಹೇಳಾಕತ್ತಾರ ಅಂದ್ಳು.”

“ಕಾಕಾನಿಗೆ?”

“ಹೇಳಲಿಲ್ಲ. ಅಕಿ ಹ್ವಾದ ಮ್ಯಾಲೂ ಹೇಳಲಿಲ್ಲ. ಹ್ಯಾಂಗ ಹೇಳೂದು ತಂಗಿ? ನಿಮ್ಮವ್ವ ನಂಬಿದ್ಳು ಅಂತ ತಿಳಕೊಂಡ ಇದ್ರು. ಅದೊಂದು ಅವರ ಹತ್ರ ಉಳದಿತ್ತು.”

ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕುಳಿತರು. ಲ್ಯಾಪ್‌ಟಾಪಿನಲ್ಲಿ ಗಾಳಿ ಬೀಸುತ್ತಲೇ ಇತ್ತು. ಪರದೆಯ ಕಡೆ ಬಗ್ಗಿ ನೋಡಿದರು.

“ಇದರಾಗ ಇವರ ದನಿ ಏನರ ಉಳದೈತೇನು?”

ಹೊಸ ಭಾಗಗಳಲ್ಲಿ ದಾರಿಹೋಕನ ದನಿಯೂ ಉಳಿದಿದೆ. ಯಾವ ದೇಶದವನೋ, ಒಂದೇ ಮಾತು ಆಡಿ ಹೋದವನು, ಯಾರು ಯಾವಾಗ ಒತ್ತಿದರೂ ಅದೇ ದನಿಯಲ್ಲಿ ಮಾತಾಡುತ್ತಾನೆ. ಒಂದು ಊರಿಗೆ ಊರೇ ಆಗಿದ್ದ ಮನುಷ್ಯನದು ಎಲ್ಲೂ ಇಲ್ಲ. ನಾವು ಯಾರೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲಿಲ್ಲ, ಅಷ್ಟು ಜೋರಾಗಿದ್ದ ದನಿ ಹೋಗಿಬಿಡುತ್ತದೆ ಎಂದು ಯಾರಿಗೆ ಅನ್ನಿಸೀತು?

“ಇಲ್ಲ ಕಾಕು” ಎಂದೆ. “ಹಳೇದರಲ್ಲಿ ದನಿ ಇರುವುದಿಲ್ಲ.”

ಕಾಕು ತಲೆಯಾಡಿಸಿದರು. ಒಲೆ ಹಚ್ಚಲು ಎದ್ದವರು ಅಲ್ಲೇ ನಿಂತು, ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿ, “ಆ ಗಾಳಿ ಬಂದ್ ಮಾಡು ತಂಗಿ” ಎಂದರು.